ಕಿಟಕಿಯಿಲ್ಲದ ಕೋಣೆಯಲ್ಲಿ ಅತ್ತೆಯ ಸೂರ್ಯಾಸ್ತ

ನಾರಾವಿ: ಕಟ್ಟಿದ ಚೀಲ

ನಾವು ಹೋಗಬೇಕಾಗಿದ್ದದ್ದು ಮಸ್ಕತ್ತಿಗೆ, ಹೋದದ್ದು ಪೆನಾಂಗಿಗೆ. ಮೂಡುಬಿದಿರೆಗೆ ಟಿಕೆಟು ತೆಗೆದವರು ಕಾರ್ಕಳದಲ್ಲಿ ಇಳಿದ ಹಾಗೆ. ಇದಕ್ಕೆ ಕಾರಣ ನನ್ನ ಅತ್ತೆ.

ನನ್ನ ಗಂಡ ಮಸ್ಕತ್ತಿನಲ್ಲಿ ಕಟ್ಟಡದ ಕಂಪನಿಯೊಂದರಲ್ಲಿ ಮೇಲ್ವಿಚಾರಕರು. ಪ್ರತಿ ರಜೆಗೆ ಬಂದಾಗಲೂ "ಅಮ್ಮನನ್ನು ಒಮ್ಮೆ ಅಲ್ಲಿಗೆ ಕರ್ಕೊಂಡು ಬಾ" ಎನ್ನುತ್ತಿದ್ದವರು ಕೊನೆಗೂ ಎಲ್ಲ ಏರ್ಪಾಡು ಮಾಡಿದ್ದರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅತ್ತೆಗೆ ಪಾಸ್‌ಪೋರ್ಟ್ ಬಂತು. ಚಕ್ಕುಲಿ, ಹಪ್ಪಳ, ಕುಚ್ಚಲಕ್ಕಿ, ಹೆಸರುಕಾಳು ಎಲ್ಲ ಚೀಲ ಸೇರಿದವು. ಹೊರಡಲು ಐದು ದಿನ ಇರುವಾಗ ಇವರ ಫೋನ್ ಬಂತು. ಕಂಪನಿ ಅವರನ್ನು ಮರುಭೂಮಿಯ ನಡುವಿನ ಯಾವುದೋ ಕೆಲಸಕ್ಕೆ ಒಂದು ತಿಂಗಳು ಕಳಿಸಿದೆಯಂತೆ, ಬಂದರೆ ನೀವಿಬ್ಬರೇ ಕೋಣೆಯಲ್ಲಿ ಕೂರಬೇಕಾದೀತು, ಈಗ ಬೇಡ ಎಂದರು.

ನಾನು ಚೀಲ ಬಿಚ್ಚಲು ಕೂತೆ. ಅತ್ತೆ ಅದರ ಮೇಲೆ ಕೈ ಇಟ್ಟರು.

"ಬಿಚ್ಚಬೇಡ. ಊರಿಗೆಲ್ಲ ಹೇಳಿ ಆಗಿದೆ ಮಾರಾಯ್ತಿ, ಫಾರಿನ್‌ಗೆ ಹೋಗ್ತೇನೆ ಅಂತ. ಬಸದಿಯಲ್ಲಿ ಎಲ್ಲರೂ ಕೇಳ್ತಾರೆ. ಅವನಿಗೆ ಪುರುಸೊತ್ತು ಇಲ್ಲದಿದ್ದರೆ ಬೇರೆ ಎಲ್ಲಿಗಾದರೂ ಹೋಗುವ."

(ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅತ್ತೆಯ ತುಳುವಿನಲ್ಲಿ ಈ ಮಾತಿಗೆ ಇನ್ನೂ ಖಾರ ಇತ್ತು.)

ಮೂಡುಬಿದಿರೆಯ ಕಾಲೇಜಿನ ಹಾಸ್ಟೆಲಿನಲ್ಲಿರುವ ಮಗಳು ಅನಘಾ ಆ ಭಾನುವಾರ ಮನೆಗೆ ಬಂದಿದ್ದಳು. ಮಲೇಷ್ಯಾಕ್ಕೆ ನಮ್ಮವರಿಗೆ ವೀಸಾ ಬೇಡ ಎಂದು ಫೋನಿನಲ್ಲಿ ನೋಡಿ ಹೇಳಿದಳು. ಅಲ್ಲಿನ ಪೆನಾಂಗಿನಲ್ಲಿ ಕೈಗೆ ಎಟುಕುವ ದರದ ಹೋಟೆಲೊಂದನ್ನು ಅಜ್ಜಿಯ ಪಕ್ಕ ಕೂತೇ ಹುಡುಕಿದಳು. ಪೆನಾಂಗ್ ಎಂದರೆ ಅಲ್ಲಿನ ಭಾಷೆಯಲ್ಲಿ ಅಡಿಕೆ ಎಂದು ತಿಳಿದದ್ದೇ ಅತ್ತೆ ತಲೆ ಆಡಿಸಿದರು. ಅಡಿಕೆಯ ಊರು ಎಂದ ಮೇಲೆ ಗುರುತಿನವರ ಮನೆಗೆ ಹೋದಷ್ಟೇ ಧೈರ್ಯ ಅವರಿಗೆ.

ಈಗ ನನ್ನ ವಿಷಯ. ಮೂಡುಬಿದಿರೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನಾನು ಟೆಕ್ನಿಶಿಯನ್. "ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದು ಜನರಿಗೆ ಹೇಳುವುದೇ ನನ್ನ ಜೀವನ. ನಾಲ್ಕು ಗಂಟೆಗೆ ಕೆಲಸ ಮುಗಿಸಿ ಬಸ್ಸಿಗೆ ಓಡುತ್ತೇನೆ. ನಾರಾವಿಯಲ್ಲಿ ಇಳಿದು ಮನೆಗೂ ಓಡುತ್ತೇನೆ. ಯಾಕೆಂದರೆ ನನ್ನ ಅತ್ತೆ ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಜೈನರಲ್ಲಿ ಇದು ಹಳೆಯ ನೇಮ. ಈಗ ಎಷ್ಟೋ ಮಂದಿ ಬಿಟ್ಟಿದ್ದಾರೆ, ಅತ್ತೆ ಬಿಟ್ಟಿಲ್ಲ. ನೀರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಗೆಣಸು ಯಾವುದೂ ಆಗದು. ಲ್ಯಾಬಿನ ಪಕ್ಕದ ಹೋಟೆಲಿನಲ್ಲಿ ನಾನು ನೀರುಳ್ಳಿ ಬಜೆ ತಿನ್ನುವುದು ಅವರಿಗೆ ಗೊತ್ತಿಲ್ಲ ಎಂದು ನಾನು ನಂಬಿದ್ದೇನೆ.

ಮದುವೆಯಾಗಿ ಬಂದ ವಾರದಲ್ಲೇ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೇ, ನೀವಿನ್ನು ಒಲೆಯ ಹತ್ತಿರ ಬರಬಾರದು. ಆರಾಮ ಕೂತುಕೊಳ್ಳಿ. ನಾನಿದ್ದೇನೆ" ಎಂದಿದ್ದೆ. ಒಳ್ಳೆಯ ಸೊಸೆ ಎಂದು ಬಂದವರೆಲ್ಲ ಹೊಗಳಿದರು. ಅತ್ತೆ ಅಂದಿನಿಂದ ಜಗಲಿಯಲ್ಲಿ ಕೂತರು. ಇಪ್ಪತ್ತೊಂದು ವರ್ಷದಿಂದ ಸಂಜೆ ಸೂರ್ಯನ ಜೊತೆ ಓಟದ ಪಂದ್ಯ ನನ್ನದು.

ಹೊರಡುವ ಹಿಂದಿನ ವಾರ ನಮ್ಮ ಲ್ಯಾಬಿನ ಡಾಕ್ಟರು ನನ್ನನ್ನು ಕರೆದು ಬಿ.ಸಿ.ರೋಡಿನಲ್ಲಿ ಹೊಸ ಶಾಖೆ ತೆರೆಯುತ್ತಿರುವುದನ್ನು ಹೇಳಿದರು. "ಇಡೀ ಶಾಖೆ ನೀವೇ ನೋಡಿಕೊಳ್ಳಬೇಕು. ನಿಮ್ಮ ಹಾಗೆ ಕೆಲಸ ಗೊತ್ತಿರುವವರು ಬೇರೆ ಯಾರಿದ್ದಾರೆ?" ಎಂದರು. ಎದೆ ತುಂಬಿ ಬಂತು. ಆದರೆ ಬಿ.ಸಿ.ರೋಡಿನಲ್ಲಿ ಬಾಗಿಲು ಹಾಕುವುದು ಆರು ಗಂಟೆಗೆ. ಅಲ್ಲಿಂದ ನಾರಾವಿಗೆ ಬಂದು ಮುಟ್ಟುವಾಗ ಎಂಟು. ಅತ್ತೆಯ ಊಟ? ಪ್ರವಾಸದಿಂದ ಬಂದು ಉತ್ತರ ಹೇಳುತ್ತೇನೆ ಎಂದೆ. ಉತ್ತರವನ್ನು ಮಾತ್ರ ಅದೇ ದಿನ ಬಸ್ಸಿನಲ್ಲಿ ಫೋನಿನಲ್ಲಿ ಬರೆದಿಟ್ಟೆ: "ಮನೆಯ ಕಾರಣದಿಂದ ಆಗುವುದಿಲ್ಲ ಡಾಕ್ಟರೇ, ಕ್ಷಮಿಸಿ." ಕಳಿಸಲು ಬೆರಳು ಬರಲಿಲ್ಲ. ಅತ್ತೆಗೆ ಹೇಳಲು ಬಾಯಿ ಬರಲಿಲ್ಲ. ಹಾಗೆಯೇ ವಿಮಾನ ಹತ್ತಿದೆ.

ಮೊದಲ ದಿನ: ಗೋಡೆಗೆ ಉಡಿಸಿದ ಸೀರೆ

ಹೋಟೆಲು ಒಂದು ಸಪೂರ ಓಣಿಯಲ್ಲಿ ಇತ್ತು. ಹಳೆಯ ಕಾಲದ ಉದ್ದ ಮನೆ, ಮುಂದೆ ಮಾಡು ಇಳಿಸಿದ ಜಗಲಿ, ಮೇಲೆ ಎರಡು ಮಹಡಿ. ನಮ್ಮ ಬಂಟ್ವಾಳ ಪೇಟೆಯ ಹಳೆಯ ಅಂಗಡಿ ಸಾಲನ್ನು ತಂದು ನಿಲ್ಲಿಸಿ ಹಸಿರು ಬಣ್ಣ ಬಳಿದಂತಿತ್ತು. ಕೌಂಟರಿನಲ್ಲಿ ಇದ್ದದ್ದು ಐವತ್ತೈದರ ಆಸುಪಾಸಿನ ಗುಂಡುಮುಖದ ಹೆಂಗಸು, ತಲೆಗೆ ನೀಲಿ ವಸ್ತ್ರ. ಹೆಸರು ಸಲ್ಮಾ. ಹೋಟೆಲಿನ ಯಜಮಾನಿಯೂ ಅವರೇ, ಅಡುಗೆಯವರೂ ಅವರೇ. ಏನು ಕೇಳಿದರೂ "ಕ್ಯಾನ್, ಕ್ಯಾನ್" ಎನ್ನುತ್ತಿದ್ದರು. ಆಗುತ್ತದೆ ಎಂದು ಅರ್ಥ. ಒಂದೇ ಒಂದು ವಿಷಯಕ್ಕೆ ಮಾತ್ರ ಆಗುವುದಿಲ್ಲ ಎಂದರು. ನಮ್ಮ ಕೋಣೆ ಬದಲಿಸುವುದಕ್ಕೆ.

ಕೋಣೆಯಲ್ಲಿ ಎರಡು ಮಂಚ, ಒಂದು ಫ್ಯಾನು, ಉದ್ದಕ್ಕೂ ಇಳಿಬಿಟ್ಟ ಹೂವಿನ ಪರದೆ. ಬೆಳಕು ಬರಲಿ ಎಂದು ಅತ್ತೆ ಪರದೆ ಸರಿಸಿದರು. ಹಿಂದೆ ಗೋಡೆ. ಇನ್ನೊಂದು ಬದಿ ಸರಿಸಿದರು. ಅಲ್ಲೂ ಗೋಡೆ.

"ಗೋಡೆಗೆ ಯಾಕೆ ಸೀರೆ ಉಡಿಸಿದ್ದಾರೆ?"

ಮಗಳಿಗೆ ದರ ಮಾತ್ರ ಕಂಡಿತ್ತು, ಕೆಳಗೆ ಸಣ್ಣದಾಗಿ ಬರೆದ "ಕಿಟಕಿ ಇಲ್ಲ" ಎಂಬುದು ಕಂಡಿರಲಿಲ್ಲ. ಬೇರೆ ಕೋಣೆಗಳೆಲ್ಲ ಭರ್ತಿ. ನನ್ನ ಚಾರ್ಜರಿನ ಪಿನ್ನು ಅಲ್ಲಿನ ಗೋಡೆಗೆ ಹಿಡಿಸಲಿಲ್ಲ, ಫೋನು ಸತ್ತು ಮಲಗಿತು. ರಾತ್ರಿಯೆಲ್ಲ ಬಸ್ಸು, ವಿಮಾನ ಎಂದು ನಿದ್ದೆಗೆಟ್ಟಿದ್ದ ನಾವೂ ಮಲಗಿದೆವು.

ಎದ್ದಾಗ ಅತ್ತೆ ತೀರಿಹೋದ ಮಾವನ ಕೈಗಡಿಯಾರ ನೋಡಿದರು. ಅದನ್ನು ಅವರು ಮಣಿಕಟ್ಟಿನಿಂದ ಬಿಚ್ಚುವುದೇ ಇಲ್ಲ. "ಈಗಷ್ಟೇ ಐದು. ಪುರುಸೊತ್ತು ಉಂಟು. ಆರೂವರೆಯ ಒಳಗೆ ಏನಾದರೂ ತಿನ್ನುವ" ಎಂದರು. ಆ ಗಡಿಯಾರದ ಮುಳ್ಳುಗಳನ್ನು ಅವರು ಯಾರಿಗೂ ಮುಟ್ಟಲು ಕೊಡುವುದಿಲ್ಲ. ಅಲ್ಲಿನ ಹೊತ್ತು ನಮಗಿಂತ ಎರಡೂವರೆ ಗಂಟೆ ಮುಂದೆ ಎಂದು ಮಗಳು ಹೇಳಿಕೊಟ್ಟದ್ದು ನಿದ್ದೆಗಣ್ಣಿನಲ್ಲಿ ಮರೆತೇಹೋಗಿತ್ತು. ಕಿಟಕಿಯಾದರೂ ಇದ್ದಿದ್ದರೆ ನೆನಪಾಗುತ್ತಿತ್ತೇನೋ. ಗೋಡೆ ನೋಡಿದರೆ ಹೊತ್ತು ಹೇಗೆ ತಿಳಿಯಬೇಕು?

ಕೆಳಗೆ ಬಂದರೆ ಓಣಿ ಮಬ್ಬಾಗಿತ್ತು. ಜಗಲಿಯಲ್ಲಿ ಉದ್ದದ ಮೇಜು ಹಾಕಿ ಹತ್ತು ಹನ್ನೆರಡು ಮಂದಿ ಕೂತಿದ್ದರು. ಎಲ್ಲರ ಮುಂದೆಯೂ ತಟ್ಟೆ, ತಟ್ಟೆಯಲ್ಲಿ ಊಟ. ಒಬ್ಬರೂ ಮುಟ್ಟುತ್ತಿಲ್ಲ, ಒಬ್ಬರೂ ಮಾತಾಡುತ್ತಿಲ್ಲ.

"ಯಾರಾದರೂ ಹೋಗಿಬಿಟ್ಟಿದ್ದಾರಾ ಹೇಗೆ?" ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು.

ಅಷ್ಟರಲ್ಲಿ ಹತ್ತಿರದ ಮಸೀದಿಯಿಂದ ಬಾಂಗ್ ಕೇಳಿತು. ಹನ್ನೆರಡು ಕೈಗಳು ಒಟ್ಟಿಗೆ ಖರ್ಜೂರಕ್ಕೆ ಹೋದವು. ಆಗ ನನ್ನ ತಲೆಗೆ ಹೊಳೆಯಿತು. ಉಪವಾಸದ ತಿಂಗಳು. ನಮ್ಮ ಕಡೆ ಈ ತಿಂಗಳಲ್ಲಿ ಬ್ಯಾರಿ ಹೆಂಗಸರು ಲ್ಯಾಬಿಗೆ ಬಂದು, "ಹೇಗೂ ಖಾಲಿ ಹೊಟ್ಟೆ ಅಲ್ಲವಾ, ರಕ್ತ ತೆಗೀರಿ" ಎಂದು ನಗಿಸುವುದುಂಟು. ಸೂರ್ಯ ಮುಳುಗಿದರೆ ಇವರ ಊಟ ಶುರು, ನಮ್ಮ ಅತ್ತೆಯದು ಬಂದ್.

ಸಲ್ಮಾ ನಮ್ಮನ್ನು ಕಂಡು ಕುರ್ಚಿ ಎಳೆದರು, ಖರ್ಜೂರ ನೀಡಿದರು, ನೀರು ಸುರಿದರು. ಅತ್ತೆ ಕೈ ಮುಗಿದು ಆಕಾಶ ತೋರಿಸಿ ತಲೆ ಅಲ್ಲಾಡಿಸಿದರು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ವಿವರಿಸಿದೆ. ಸಲ್ಮಾ ಖರ್ಜೂರ ಕೈಯಲ್ಲೇ ಹಿಡಿದು ಯೋಚಿಸಿದರು.

"ಅಂದರೆ ನಾವು ಬಾಯಿ ತೆರೆಯುವ ನಿಮಿಷಕ್ಕೆ ಇವರು ಬಾಯಿ ಮುಚ್ಚಬೇಕು?"

"ಹೌದು."

ಮೊದಲು ನಕ್ಕರು. ಆಮೇಲೆ ಅವರ ಮುಖ ಸಣ್ಣದಾಯಿತು. ಮನೆಗೆ ಬಂದವರು ಹಸಿದು ಮಲಗುವುದು ಅವರಿಗೆ ಸಹಿಸಲಾಗಲಿಲ್ಲ. ಕೌಂಟರಿನ ಹಿಂದೆ ಗೋಡೆಗೆ ಅಂಟಿಸಿದ್ದ ಒಂದು ಹಾಳೆಯನ್ನು ತೋರಿಸಿದರು. ಆ ತಿಂಗಳ ಒಂದೊಂದು ದಿನಕ್ಕೂ ಸೂರ್ಯ ಮುಳುಗುವ ಹೊತ್ತು ಗಂಟೆ ನಿಮಿಷ ಸಮೇತ ಅಚ್ಚಾಗಿತ್ತು. ಆ ದಿನದ್ದು ಏಳು ಮೂವತ್ತೆರಡು. "ನಾಳೆ ನಾನೇ ಮೇಲೆ ಬಂದು ಬಾಗಿಲು ಬಡಿಯುತ್ತೇನೆ. ಕ್ಯಾನ್" ಎಂದರು.

ಅತ್ತೆ ಉಪವಾಸ ಮಲಗಿದರು. "ನೀನು ತಿನ್ನು" ಎಂದು ನನಗೆ ಹೇಳಿದರೂ ನಾನು ತಿನ್ನಲಿಲ್ಲ. ಅವರು ನಿದ್ದೆ ಹೋದರೆಂದು ಖಾತ್ರಿಯಾದ ಮೇಲೆ ಗೋಡೆಗೆ ಮುಖ ಮಾಡಿ ಒಂದು ಚಕ್ಕುಲಿ ಮುರಿದೆ. ಚಕ್ಕುಲಿ ಸದ್ದಿಲ್ಲದೆ ತಿನ್ನುವ ವಸ್ತು ಅಲ್ಲ.

"ನೀರು ಕುಡಿ. ಗಂಟಲಲ್ಲಿ ಸಿಕ್ಕೀತು" ಎಂದಿತು ಆಚೆ ಮಂಚ.

ಎರಡನೇ ದಿನ: ಅಂಗೈಯಲ್ಲಿ ಒಂದು ಚಮಚ

ಬೆಳಿಗ್ಗೆ ಅತ್ತೆ ಎಂದಿನಂತೆ ಬಿಳಿ ಬಟ್ಟೆಯನ್ನು ಚೊಂಬಿನ ಬಾಯಿಗೆ ಕಟ್ಟಿ ನಳ್ಳಿನೀರು ಸೋಸಿದರು. ಅದನ್ನು ನೋಡಿ ಪಕ್ಕದ ಕೋಣೆಯ ಜರ್ಮನ್ ಹುಡುಗಿಗೆ ಗಾಬರಿಯಾಯಿತು. ಇಲ್ಲಿನ ನೀರು ಅಷ್ಟು ಕೆಟ್ಟದೇ ಎಂದು ಕೇಳಿ, ತಾನೂ ಒಂದು ಬಟ್ಟೆ ಹುಡುಕಿಕೊಂಡು ಹೋದಳು. ನೀರಿನ ಸಣ್ಣ ಜೀವಗಳಿಗೆ ನೋವಾಗದಿರಲಿ ಎಂಬ ನಮ್ಮ ಲೆಕ್ಕ ಅವಳಿಗೆ ವಿವರಿಸುವಷ್ಟು ಇಂಗ್ಲಿಷ್ ನನ್ನಲ್ಲಿ ಇರಲಿಲ್ಲ.

ಸಲ್ಮಾ ಕೊಟ್ಟ ಪಿನ್ನಿನಿಂದ ನನ್ನ ಫೋನಿಗೆ ಜೀವ ಬಂತು. ದಿನವಿಡೀ ಬೀದಿ ಸುತ್ತಿದೆವು. ಅತ್ತೆ ಅಡಿಕೆ ಮರ ಹುಡುಕುತ್ತಿದ್ದರು. ಚೀನಿ ದೇವಸ್ಥಾನ, ಗಡಿಯಾರದ ಗೋಪುರ, ಗೋಡೆಯ ಮೇಲಿನ ಚಿತ್ರ ಯಾವುದೂ ಅವರಿಗೆ ಹಿಡಿಸಲಿಲ್ಲ. "ಹೆಸರು ಮಾತ್ರ ಅಡಿಕೆ. ನಮ್ಮಲ್ಲಿ ಒಬ್ಬ ಪುಕ್ಕಲು ಮಗನಿಗೆ ಧೈರ್ಯ ಅಂತ ಹೆಸರಿಟ್ಟ ಹಾಗೆ" ಎಂದರು. ಯಾರ ಮಗ ಎಂದು ನಾನು ಕೇಳಲಿಲ್ಲ.

ಸಂಜೆ ಐದೂವರೆಗೆ ಅತ್ತೆಯನ್ನು ಹೋಟೆಲಿನಲ್ಲಿ ಕೂರಿಸಿ, ತಮಿಳರ ಬೀದಿಯಿಂದ ಊಟ ತರಲು ಓಡಿದೆ. ನೀರುಳ್ಳಿ ಹಾಕದ ಚಟ್ನಿ ಬೇಕು ಎಂಬುದನ್ನು ಅಲ್ಲಿನವನಿಗೆ ಮನದಟ್ಟು ಮಾಡಲು ಕಾಲು ಗಂಟೆ ಹಿಡಿಯಿತು. ಕೊನೆಗೆ ಇಡ್ಲಿ, ಮೊಸರನ್ನ ಕಟ್ಟಿಸಿಕೊಂಡು ಬಂದರೆ ಅತ್ತೆ ಕೋಣೆಯಲ್ಲಿ ಇಲ್ಲ, ಜಗಲಿಯಲ್ಲೂ ಇಲ್ಲ.

ಮನೆಯ ಹಿಂಭಾಗದಲ್ಲಿ ಸಿಕ್ಕಿದರು. ಅಲ್ಲಿ ಮಾಡು ಹೊದಿಸದೆ ಬಿಟ್ಟ ಒಂದು ಚೌಕ, ನಮ್ಮ ಹಳೆಯ ಮನೆಗಳ ನಡು ಅಂಗಳದ ಹಾಗೆ. ಮೇಲೆ ಆಕಾಶ, ಪಕ್ಕದಲ್ಲಿ ಸಲ್ಮಾರ ಒಲೆ. ಇಡೀ ಹೋಟೆಲಿನಲ್ಲಿ ಸೂರ್ಯನ ಬೆಳಕು ನೇರವಾಗಿ ಬೀಳುವ ಜಾಗ ಅದೊಂದೇ. ಅತ್ತೆ ಅದನ್ನು ಪತ್ತೆ ಹಚ್ಚಿ ಒಂದು ಮಣೆ ಹಾಕಿಕೊಂಡು ಕೂತಿದ್ದರು.

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು. ಅತ್ತೆ ಮೂಗು ಅರಳಿಸಿದರು. "ಹೆಸರು ಪಾಯಸ."

ಹೌದು. ಹೆಸರುಕಾಳು, ತೆಂಗಿನ ಹಾಲು, ತಾಳೆಬೆಲ್ಲ. ಪರಿಮಳಕ್ಕೆ ಗಂಟು ಹಾಕಿದ ಒಂದು ಹಸಿರು ಎಲೆ. ಇಷ್ಟು ದೂರ ಬಂದು ಆಕಾಶಕ್ಕೆ ಹಾರಿ ಇಳಿದರೆ ಎದುರು ನಮ್ಮದೇ ಹಬ್ಬದ ಪಾಯಸ. ಉಪವಾಸ ಬಿಡುವವರಿಗೆಂದು ಸಲ್ಮಾ ದಿನಾ ಒಂದು ಪಾತ್ರೆ ಮಾಡಿ ಓಣಿಯವರಿಗೆಲ್ಲ ಹಂಚುತ್ತಾರಂತೆ. ಆದರೆ ಮೂರು ದಿನದಿಂದ ರುಚಿ ಕೆಟ್ಟಿದೆ ಎಂದು ಜನ ಮುಖ ಹುಳಿ ಮಾಡುತ್ತಿದ್ದಾರೆ ಎಂದರು. ಉಪವಾಸ ಇರುವುದರಿಂದ ಅವರು ನಾಲಿಗೆಗೆ ಹಾಕಿ ನೋಡುವುದಿಲ್ಲ. ನೋಡುತ್ತಿದ್ದದ್ದು ಕೌಂಟರಿನಲ್ಲಿ ಕೆಲಸಕ್ಕಿರುವ ಚೀನಿ ಹೆಂಗಸು. ಅವಳು ತಂಗಿಯ ಮದುವೆಗೆ ಊರಿಗೆ ಹೋಗಿದ್ದಾಳೆ.

ನಾನು ಅತ್ತೆಗೆ ಇದನ್ನು ಹೇಳಿದೆ, ಸುಮ್ಮನೆ ಸುದ್ದಿ ಹೇಳಿದ ಹಾಗೆ. ಅತ್ತೆ ಮಣೆಯಿಂದ ಎದ್ದರು.

"ಆ ಪಾತ್ರೆಯಲ್ಲಿ ಬೇರೆ ಏನಾದರೂ ಮಾಡ್ತಾರಾ ಕೇಳು."

ಸಲ್ಮಾಗೆ ಪ್ರಶ್ನೆಯ ಹಿಂದಿನದ್ದು ತಕ್ಷಣ ಅರ್ಥವಾಯಿತು. ಇದು ಸಿಹಿಯ ಪಾತ್ರೆ, ಅದರ ಸೌಟೂ ಬೇರೆ, ಮಾಂಸದ್ದೆಲ್ಲ ಆಚೆ ಒಲೆ ಎಂದು ತೋರಿಸಿದರು. ಅತ್ತೆ ಎರಡು ಕ್ಷಣ ನಿಂತರು. ಪಾತ್ರೆ ಯಾವುದೆಂದು ಗೊತ್ತಿಲ್ಲ ಎಂದು ಬಿ.ಸಿ.ರೋಡಿನ ಹೋಟೆಲುಗಳಲ್ಲಿ ಕಾಫಿಯನ್ನೂ ಕುಡಿಯದ ಹೆಂಗಸು ಇವರು. ಅತ್ತೆ ಆಕಾಶ ನೋಡಿದರು, ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಬಲಗೈ ಚಾಚಿದರು.

ಸಲ್ಮಾ ಚಮಚ ಕೊಡಲು ಬಂದರು. ಅತ್ತೆ ಬೇಡವೆಂದು ಅಂಗೈ ತೋರಿಸಿದರು. ಸೌಟಿನಿಂದ ಅಂಗೈಗೆ ಒಂದಿಷ್ಟು ಬಿದ್ದಿತು. ಸೌಟು ಎಂಜಲಾಗಲಿಲ್ಲ. ಅತ್ತೆ ಕಣ್ಣು ಮುಚ್ಚಿ ರುಚಿ ನೋಡಿದರು.

"ಸಿಹಿ ಸರಿ ಉಂಟು. ಉಪ್ಪು ಹಾಕಲಿಲ್ಲ ಇವಳು. ಒಂದು ಚಿಟಿಕೆ ಬೇಕು, ಇಲ್ಲದಿದ್ದರೆ ತೆಂಗಿನ ಹಾಲು ಸಪ್ಪೆ."

ಸಲ್ಮಾ ಹಣೆ ಬಡಿದುಕೊಂಡರು. ಉಪ್ಪು ಬಿತ್ತು. ಅತ್ತೆ ಇನ್ನೊಮ್ಮೆ ಅಂಗೈ ಚಾಚಿದರು. "ಈಗ ಹಂಚಬಹುದು" ಎಂದರು.

ಆ ಸಂಜೆ ಏಳು ಇಪ್ಪತ್ತರ ಒಳಗೆ ಅತ್ತೆಯ ಊಟ ಮುಗಿಯಿತು. ಏಳು ಮೂವತ್ತೆರಡಕ್ಕೆ ಜಗಲಿಯಲ್ಲಿ ಎಲ್ಲರೂ ಪಾಯಸ ಸುರಿದುಕೊಂಡರು. ಒಬ್ಬ ಮುದುಕ ಬಟ್ಟಲನ್ನು ಎತ್ತಿ ಸಲ್ಮಾರಿಗೆ ಏನೋ ಹೇಳಿದ. ಸಲ್ಮಾ ಅತ್ತೆಯತ್ತ ಬೆರಳು ತೋರಿಸಿದರು. ಅತ್ತೆ ಸೆರಗು ಹೊದ್ದು ನೆಟ್ಟಗೆ ಕೂತರು.

ಮಲಗುವಾಗ ನಾನು ಕೇಳಿದೆ. "ಅಲ್ಲ ಅತ್ತೇ, ನೀವು ಅಲ್ಲಿ ಹೇಗೆ ಕೈ ಚಾಚಿದಿರಿ?"

"ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯದೆ ಊರಿನವರಿಗೆಲ್ಲ ಬೇಯಿಸ್ತಾಳೆ. ಅವಳ ಕೈಯ ಅಡುಗೆ ಶುದ್ಧ ಅಲ್ಲದಿದ್ದರೆ ಮತ್ತೆ ಯಾರದ್ದು?"

ಮೂರನೇ ದಿನ: ನನ್ನ ಹೊಟ್ಟೆಕಿಚ್ಚು

ಮರುದಿನ ಅತ್ತೆ ಊರು ನೋಡಲು ಬರಲಿಲ್ಲ. "ನೀನು ಹೋಗಿ ನೋಡಿಕೊಂಡು ಬಾ. ನನಗೆ ಕೆಲಸ ಉಂಟು" ಎಂದರು. ಪರದೇಶದಲ್ಲಿ ಏನು ಕೆಲಸ?

ಮಧ್ಯಾಹ್ನ ವಾಪಸ್ ಬಂದಾಗ ಇಬ್ಬರೂ ಅದೇ ಅಂಗಳದಲ್ಲಿ ಎದುರುಬದುರು ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ಅತ್ತೆ ತುಳುವಿನಲ್ಲಿ, ಸಲ್ಮಾ ಮಲಯ್ ಭಾಷೆಯಲ್ಲಿ, ಬಿಡುವೇ ಇಲ್ಲದ ಮಾತು. ಮೊಮ್ಮಗಳ ಓದು, ಸೊಂಟ ನೋವು, ತೆಂಗಿನ ಮರಕ್ಕೆ ಬಂದ ರೋಗ ಎಲ್ಲವನ್ನೂ ಅತ್ತೆ ಹೇಳುತ್ತಿದ್ದರು. ಸಲ್ಮಾ ಅಲ್ಲಲ್ಲಿ ಆ ಊರಿನವರ ವಾಡಿಕೆಯ "ಲಾ" ಸೇರಿಸಿ ಉತ್ತರ ಕೊಡುತ್ತಿದ್ದರು. ಯಾರಿಗೂ ಅನುವಾದಕಿ ಬೇಕಾಗಿರಲಿಲ್ಲ. ಅತ್ತೆಯ ಕೈ ಎಷ್ಟು ಚುರುಕಾಗಿತ್ತು! ಅರ್ಧ ಕಡಿಯನ್ನು ಚಿಪ್ಪಿನ ಕಪ್ಪು ತಾಗದಂತೆ ಬಿಳಿ ಮಾತ್ರ ತುರಿದು ಇಡುತ್ತಿದ್ದರು. ನನಗೆ ಹಾಗೆ ತುರಿಯಲು ಇಂದಿಗೂ ಬಾರದು.

ನಿಜ ಹೇಳುತ್ತೇನೆ, ನನಗೆ ಸಂತೋಷವಾಗಲಿಲ್ಲ. ಹೊಟ್ಟೆಕಿಚ್ಚಾಯಿತು. ನನ್ನ ಅಡುಗೆಮನೆಯಲ್ಲಿ ಇಪ್ಪತ್ತೊಂದು ವರ್ಷ ಕೂರದವರು ಗುರುತು ಪರಿಚಯ ಇಲ್ಲದವಳ ಒಲೆಯ ಬುಡದಲ್ಲಿ ಹೇಗೆ ಕೂತಿದ್ದಾರೆ ನೋಡಿ ಎಂದು ಮನಸ್ಸು ಮುರುಟಿತು. ತಂದಿಟ್ಟ ಬಾಳೆಹಣ್ಣಿನ ಚೀಲವನ್ನು ಸ್ವಲ್ಪ ಜೋರಾಗಿಯೇ ಕೆಳಗೆ ಇಟ್ಟೆ.

ಸಲ್ಮಾ ನನ್ನ ಕಡೆ ತಿರುಗಿ ಕೇಳಿದರು. "ನಿಮ್ಮ ಅಮ್ಮನ ಕೈ ಬಹಳ ಚಂದ. ಮನೆಯಲ್ಲಿ ಅಡುಗೆ ಇವರದ್ದೇ ಅಲ್ಲವಾ?"

"ಇಲ್ಲ, ನಾನೇ ಮಾಡುವುದು. ಇವರು ಕೂತಿರುತ್ತಾರೆ."

"ಯಾಕೆ? ಹುಷಾರಿಲ್ಲವಾ?"

ಹುಷಾರಿದ್ದಾರೆ ಎಂದೆ. ಮತ್ತೆ ಯಾಕೆ ಎಂಬಂತೆ ನೋಡಿದರು. ಬಿ.ಸಿ.ರೋಡಿನ ಸುದ್ದಿ, ಫೋನಿನಲ್ಲಿ ಬರೆದಿಟ್ಟ ಎರಡು ಸಾಲು, ಎಲ್ಲ ಒಮ್ಮೆಲೇ ನೆನಪಾಗಿ ತಮಿಳರ ಬೀದಿಗೆ ಇಡ್ಲಿ ತರಲು ನಡೆದುಬಿಟ್ಟೆ. ಇನ್ನೂ ನಾಲ್ಕೂವರೆ ಆಗಿತ್ತಷ್ಟೆ.

ನಾಲ್ಕನೇ ದಿನ: ಸಮುದ್ರದ ಆಚೆ ಮುಳುಗಿದ ಸೂರ್ಯ

ಪೆನಾಂಗ್ ದ್ವೀಪ. ಎದುರಿನ ದಡಕ್ಕೆ ಹಡಗಿನಲ್ಲಿ ಕಾಲು ಗಂಟೆ. ಕೊನೆಯ ದಿನ ಅದರಲ್ಲಿ ಒಂದು ಸುತ್ತು ಹೋಗಿಬರುತ್ತೇನೆ, ಆರಕ್ಕೆಲ್ಲ ಊಟದ ಪೊಟ್ಟಣದ ಜೊತೆ ಇಲ್ಲಿರುತ್ತೇನೆ ಎಂದು ಅತ್ತೆಗೆ ಹೇಳಿ ಮಧ್ಯಾಹ್ನ ಹೊರಟೆ. ಹಡಗಿನ ಗಾಳಿಗೆ ಹದಿನೆಂಟು ವರ್ಷದ ಹುಡುಗಿಯಾದ ಹಾಗೆ ಅನ್ನಿಸಿತು. ಆಚೆ ದಡದಲ್ಲಿ ಉಪವಾಸ ತಿಂಗಳ ಸಂತೆ ಸೇರಿತ್ತು. ಬಣ್ಣಬಣ್ಣದ ತಿಂಡಿ, ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಸಿಹಿ ಕಡುಬು. ನಮ್ಮ ಅರಸಿನ ಎಲೆಯ ಗಟ್ಟಿಯ ದಾಯಾದಿ ಇದು ಎಂದು ನೋಡುತ್ತಾ ನಿಂತೆ. ಯಾರೂ ಕಾಯದ ಒಂದು ಸಂಜೆ ಹೇಗಿರುತ್ತದೆ ಎಂಬುದು ನನಗೆ ಮರೆತುಹೋಗಿತ್ತು.

ನೆನಪಾದಾಗ ಆರೂವರೆ ದಾಟಿತ್ತು. ಹಡಗುಕಟ್ಟೆಗೆ ಓಡಿದೆ. ಕಣ್ಣೆದುರೇ ಹಡಗು ಬಿಟ್ಟಿತು. ಮುಂದಿನದ್ದಕ್ಕೆ ಇನ್ನೂ ಅರ್ಧ ಗಂಟೆ ಎಂದರು.

ಕಂಬಿ ಹಿಡಿದು ನಿಂತೆ. ಪಡುವಣದಲ್ಲಿ ಪೆನಾಂಗಿನ ಬೆಟ್ಟ, ಅದರ ಮೇಲೆ ಸೂರ್ಯ. ಬೇರೆಯವರೆಲ್ಲ ಫೋನು ಎತ್ತಿ ಫೋಟೋ ತೆಗೆಯುತ್ತಿದ್ದರು. ನನಗೆ ಮಾತ್ರ ಅದು ಅತ್ತೆಯ ತಟ್ಟೆಯನ್ನು ಎಳೆದುಕೊಂಡು ಹೋಗುತ್ತಿರುವಂತೆ ಕಂಡಿತು. ಎಪ್ಪತ್ತೊಂದರ ಹೆಂಗಸು ಈ ದೇಶದಲ್ಲಿ ಎರಡನೇ ಸಲ ನನ್ನಿಂದಾಗಿ ಹಸಿದು ಮಲಗಬೇಕು. ಕಣ್ಣಲ್ಲಿ ನೀರು ಬಂತು. ಜೊತೆಗೆ ಸಿಟ್ಟೂ ಬಂತು. ಯಾರ ಮೇಲೆ ಎಂದು ಹೇಳಲಾರೆ. ಸೂರ್ಯನ ಮೇಲೆ ಎಂದಿಟ್ಟುಕೊಳ್ಳಿ. ಹಡಗು ನಡುನೀರಿನಲ್ಲಿರುವಾಗ ಅದು ಬೆಟ್ಟದ ಹಿಂದೆ ಇಳಿಯಿತು.

ಹಡಗು ಇಳಿದು ಹೋಟೆಲಿನವರೆಗೆ ಓಡಿದೆ. ಒಂದು ಕಡೆ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಚಪ್ಪಲಿ ಕೈಯಲ್ಲಿ ಹಿಡಿದೇ ಓಡಿದೆ. ಜಗಲಿಯಲ್ಲಿ ಉಪವಾಸ ಬಿಟ್ಟವರ ಗದ್ದಲ. ಅತ್ತೆ ಅವರ ನಡುವೆ, ಖಾಲಿ ತಟ್ಟೆಯ ಮುಂದೆ, ಹಲ್ಲಿಗೆ ಕಡ್ಡಿ ಹಾಕುತ್ತಾ ಕೂತಿದ್ದರು.

"ಯಾಕೆ ಹೀಗೆ ಓಡಿ ಬಂದದ್ದು? ಚಪ್ಪಲಿಗೆ ಏನಾಯಿತು?"

"ಅತ್ತೇ, ನಿಮ್ಮ ಊಟ..."

"ಆಯ್ತಲ್ಲ. ಗಂಜಿ ಬೇಯಿಸಿದೆ. ತೆಂಗಿನಕಾಯಿ ಚಟ್ನಿ ಮಾಡಿದೆ, ಹಪ್ಪಳ ಸುಟ್ಟೆ. ಸಲ್ಮಾ ಪಕ್ಕದ ಒಲೆ ಬಿಟ್ಟುಕೊಟ್ಟಳು. ಏಳು ಗಂಟೆಗೇ ಮುಗಿಯಿತು. ನನಗೆ ಕೈ ಇಲ್ಲವಾ?"

ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟೆ. ಹನ್ನೆರಡು ಮಂದಿ ಪಾಯಸ ಬಿಟ್ಟು ನನ್ನನ್ನು ನೋಡಿದರು. ಸಲ್ಮಾ ನೀರು ತಂದರು. ಅಳುವಿನ ನಡುವೆ ಎಲ್ಲ ಹೊರಬಂತು. ಬಿ.ಸಿ.ರೋಡು, ಡಾಕ್ಟರು ಹೇಳಿದ್ದು, ಫೋನಿನಲ್ಲಿ ಬರೆದಿಟ್ಟದ್ದು. ಅತ್ತೆಗೆ ಕನಿಕರ ಬಂದೀತು ಎಂದು ನಾನು ಭಾವಿಸಿದ್ದೆ. ಬಂದದ್ದು ಕೋಪ.

"ಮನೆಯ ಕಾರಣ ಅಂದರೆ ಯಾರು? ನಾನಾ? ನನ್ನನ್ನು ಒಂದು ಮಾತು ಕೇಳದೆ ನನ್ನ ಹೆಸರಿನಲ್ಲಿ ಬೇಡ ಅಂತ ಬರೆದೆಯಾ? ನೇಮ ಹಿಡಿದದ್ದು ನಾನು. ನಿನ್ನ ಕುತ್ತಿಗೆಗೆ ಅದನ್ನು ಕಟ್ಟಿದ್ದು ಯಾರು?"

"ಹೊತ್ತಿಗೆ ಸರಿಯಾಗಿ ಬೇಯಿಸಬೇಕಲ್ಲ ಅತ್ತೇ, ಅದಕ್ಕೆ."

"ಬೇಯಿಸಲು ನೀನು ಎಲ್ಲಿ ಬಿಟ್ಟಿ? ಬಂದ ವಾರವೇ ಹೇಳಿದಿ, ಒಲೆಯ ಹತ್ತಿರ ಬರಬಾರದು ಅಂತ. ಹೊಸ ಹುಡುಗಿ, ಅಡುಗೆಮನೆ ತನ್ನದಾಗಬೇಕು ಅಂತ ಆಸೆ ಇರ್ತದೆ ಅಂದುಕೊಂಡೆ. ಕೊಟ್ಟೆ." ಅತ್ತೆಯ ದನಿ ಸಣ್ಣದಾಯಿತು. "ಕೊಟ್ಟದ್ದನ್ನು ವಾಪಸ್ ಕೇಳಲಿಕ್ಕೆ ನಾಚಿಕೆ. ಸಂಜೆ ನೀನು ಏದುಸಿರು ಬಿಡ್ತಾ ಬರುವಾಗ ತರಕಾರಿ ಆದರೂ ಹೆಚ್ಚಿಡುವ ಅಂತ ಎಷ್ಟು ಸಲ ಎದ್ದಿದ್ದೇನೆ. ನಿನಗೆ ಬೇಸರ ಆದೀತು ಅಂತ ಪುನಃ ಕೂತಿದ್ದೇನೆ."

ನನ್ನ ಸೇವೆ ಎಂದು ನಾನು ಹೆಮ್ಮೆಪಟ್ಟದ್ದು ಅವರಿಗೆ ಮುಚ್ಚಿದ ಬಾಗಿಲಾಗಿತ್ತು. ಇದು ನನಗೆ ತಿಳಿಯಲು ಸಮುದ್ರ ದಾಟಬೇಕಾಯಿತು. ಅವರ ಕೈ ಹಿಡಿದುಕೊಂಡೆ. ತೆಂಗಿನಕಾಯಿಯ ವಾಸನೆ ಇತ್ತು.

"ಆ ಬರೆದದ್ದನ್ನು ಅಳಿಸು" ಎಂದರು. "ನನ್ನ ಎದುರೇ ಅಳಿಸು."

ಅಳಿಸಿದೆ. ಏನಾಗುತ್ತಿದೆ ಎಂದು ಸಲ್ಮಾ ಕೇಳಿದರು. ನನಗೆ ದೊಡ್ಡ ಕೆಲಸ ಸಿಕ್ಕಿದೆ, ಅತ್ತೆ ಹೋಗು ಎನ್ನುತ್ತಿದ್ದಾರೆ ಎಂದೆ. "ಕ್ಯಾನ್, ಕ್ಯಾನ್!" ಎಂದು ಅವರು ನನ್ನ ಬೆನ್ನಿಗೆ ಗುದ್ದಿದ ಗುದ್ದು ಬೆಂಗಳೂರಿನವರೆಗೂ ನೋಯುತ್ತಿತ್ತು.

ಮರುದಿನ ಹೊರಡುವಾಗ ಅತ್ತೆ ಚೀಲದಲ್ಲಿ ಉಳಿದಿದ್ದ ನಾರಾವಿಯ ಹೆಸರುಕಾಳನ್ನೆಲ್ಲ ಸಲ್ಮಾರ ಡಬ್ಬಿಗೆ ಸುರಿದರು. ಇವತ್ತು ಉಪ್ಪು ಯಾರು ನೋಡುತ್ತಾರೆ ಎಂದು ನನ್ನಿಂದ ಕೇಳಿಸಿದರು. ಚೀನಿ ಹೆಂಗಸು ಸಂಜೆಯೊಳಗೆ ಬರುತ್ತಾಳೆ ಎಂದು ಖಾತ್ರಿಯಾದ ಮೇಲೆಯೇ ಟ್ಯಾಕ್ಸಿ ಹತ್ತಿದರು. ಅಡಿಕೆ ಮರ ವಿಮಾನ ನಿಲ್ದಾಣದ ದಾರಿಯಲ್ಲಿ ಒಂದು ಕಂಡಿತು. "ಗೊಬ್ಬರ ಸಾಲದು" ಎಂದರು ಅತ್ತೆ.

ಬಿ.ಸಿ.ರೋಡಿನಿಂದ ಮನೆಗೆ

ಹೊಸ ಶಾಖೆ ತೆರೆದ ಮೊದಲ ದಿನ ಬಾಗಿಲು ಹಾಕುವಾಗ ಆರೂಕಾಲು. ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ಪಶ್ಚಿಮದಲ್ಲಿ ಕೆಂಪು ಕರಗುತ್ತಿತ್ತು. ಕಾಲುಗಳು ಅಭ್ಯಾಸಬಲದಿಂದ ಎರಡು ಸಲ ಓಡಲು ಹೊರಟವು. ನಿಲ್ಲಿಸಿಕೊಂಡೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮೂಡುಬಿದಿರೆಯವರೆಗೆ ಹೊರಗೆ ನೋಡುತ್ತಾ ಬಂದೆ. ಅಷ್ಟು ವರ್ಷ ಅದೇ ಬಗೆಯ ಬಸ್ಸುಗಳಲ್ಲಿ ಓಡಾಡಿದವಳು, ಸಂಜೆಯ ದಾರಿಯನ್ನು ನೋಡಿದ್ದು ಅಂದೇ ಮೊದಲು.

ಮನೆ ಮುಟ್ಟುವಾಗ ಎಂಟು. ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಇದನ್ನು ನಾನು ಎರಡು ಸಲ ನೋಡಿದೆ. ಸೂರ್ಯ ಮುಳುಗಿದ ಮೇಲೆ ಆ ಮನೆಯ ಅಡುಗೆಮನೆಯಲ್ಲಿ ದೀಪ ಉರಿದದ್ದು ನನಗೆ ನೆನಪಿಲ್ಲ. ನಾನೂ ಅವರ ಜೊತೆ ಬೆಳಕಿರುವಾಗಲೇ ಉಣ್ಣುತ್ತಿದ್ದೆ, ಆಮೇಲೆ ತಟ್ಟೆ ತೊಳೆದು ಬಾಗಿಲು ಎಳೆಯುವುದೇ ರೂಢಿ.

ಮೇಜಿನ ಮೇಲೆ ಮುಚ್ಚಿಟ್ಟ ಒಂದು ತಟ್ಟೆ. ತೆಗೆದರೆ ಕುಚ್ಚಲಕ್ಕಿ ಅನ್ನ, ಅಲಸಂಡೆ ಪಲ್ಯ, ಸೌತೆಕಾಯಿ ಹುಳಿ. ತೆಂಗಿನಕಾಯಿ ತುರಿ ಒಂದು ಚುಕ್ಕೆ ಕಪ್ಪಿಲ್ಲದೆ ಬೆಳ್ಳಗಿತ್ತು. ರಾತ್ರಿ ಊಟ ಪಾಪ ಎಂದು ನಂಬಿದವರು ರಾತ್ರಿ ಉಣ್ಣುವವಳಿಗಾಗಿ ಬಡಿಸಿಟ್ಟ ತಟ್ಟೆ ಅದು. ನಾನು ಕೈ ತೊಳೆದು ಅದರ ಮುಂದೆ ಕೂತೆ.

ಒಳಕೋಣೆಯಿಂದ ಅತ್ತೆಯ ದನಿ ಬಂತು. ಅವರ ಊಟ ಆರಕ್ಕೇ ಮುಗಿದಿತ್ತು.

"ಬಂದೆಯಾ? ಉಣ್ಣು. ಉಪ್ಪು ನೋಡಿದ್ದೇನೆ, ಸರಿ ಉಂಟು."

ನಿಜ ಹೇಳಬೇಕೆಂದರೆ ಹುಳಿಗೆ ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು. ಎರಡನೇ ಸಲ ಬಡಿಸಿಕೊಂಡು ಉಂಡೆ.